ಅಂಗಾಲಿನ ಮ್ಯಾಪ್ ನಂಬಲ್ಲ, ಆದ್ರೂ ಹೋಗ್ತೀನಿ

ಪಾಠ ಮಾಡೋರಿಗೆ ಗಂಟಲು ಕೆಡತ್ತೆ ಅಂತ ಎಲ್ಲರಿಗೂ ಗೊತ್ತು, ಕಾಲು ಕೆಡೋ ವಿಷಯ ಮಾತ್ರ ಯಾರೂ ಎತ್ತಲ್ಲ. ನಾನು ಮೈಸೂರಲ್ಲಿ ಪಿಯು ಕಾಲೇಜಿಗೆ ಕೆಮಿಸ್ಟ್ರಿ ಹೇಳ್ಕೊಡ್ತೀನಿ. ಬೆಳಗ್ಗೆ ಥಿಯರಿ, ಮಧ್ಯಾಹ್ನ ಲ್ಯಾಬು, ಲ್ಯಾಬಲ್ಲಂತೂ ಕೂತ್ಕೊಳ್ಳೋ ಮಾತೇ ಇಲ್ಲ, ಒಬ್ಬ ಬ್ಯುರೆಟ್ ನಲ್ಲಿ ಪೂರ್ತಿ ತಿರುಗಿಸಿ ಪರ್ಮ್ಯಾಂಗನೇಟ್ ಸುರಿದುಬಿಟ್ಟಿರ್ತಾನೆ, ತಿಳಿ ಗುಲಾಬಿಗೇ ನಿಲ್ಲಿಸ್ಬೇಕಾದ್ದು ಫ್ಲಾಸ್ಕ್ ತುಂಬಾ ಕಡು ನೇರಳೆ, "ಮೇಡಂ ಎಂಡ್ ಪಾಯಿಂಟ್ ಬಂತು" ಅಂತಾನೆ, ಇನ್ನೊಬ್ಳು ಆಸಿಡ್ ಬಾಟಲಿ ಮುಚ್ಚಳ ಎಲ್ಲಿಟ್ಟೆ ಅಂತ ಹುಡುಕ್ತಾ ಇರ್ತಾಳೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ರೆ ಪಾದ ಉರಿ ಉರಿ. ಅದರ ಮೇಲೆ ಜನವರಿ ಬಂತು ಅಂದ್ರೆ ಪೋರ್ಷನ್ ಮುಗಿಸೋದು, ಪ್ರಿಪರೇಟರಿ, ಪ್ರಾಕ್ಟಿಕಲ್ಸು, ಆಮೇಲೆ ವ್ಯಾಲ್ಯುಯೇಶನ್ ಕ್ಯಾಂಪು, ಮಧ್ಯದಲ್ಲಿ ಪೇರೆಂಟ್ಸ್ ಫೋನು, ರಾತ್ರಿ ಮಲಗಿದ್ರೆ ಕಣ್ಣು ಮುಚ್ಚತ್ತೆ, ತಲೆ ಮುಚ್ಚಲ್ಲ.

ಹಿಮ್ಮಡಿ ನೋವಿನ ವಿಷಯ ಬೇರೆ, ಅದನ್ನ ಇಲ್ಲಿ ಬೆರೆಸಲ್ಲ. ಅದಕ್ಕೆ ಆರ್ಥೋ ಡಾಕ್ಟರ್ ಹತ್ರಾನೇ ಹೋಗಿದ್ದೆ, ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರೋಕೆ ಜೀವ ಹೋಗೋದು, ಅವರು ಪ್ಲಾಂಟರ್ ಫೇಸಿಯೈಟಿಸ್ ಅಂದ್ರು, ಹಿಮ್ಮಡಿಯಿಂದ ಬೆರಳ ಬುಡದ ತನಕ ಅಂಗಾಲಲ್ಲಿ ಒಂದು ದಪ್ಪ ಪಟ್ಟಿ ಇದೆ, ನಿಂತೂ ನಿಂತೂ ಅದು ಕೆರಳತ್ತಂತೆ. ಮೀನಖಂಡ ಎಳೆಯೋ ವ್ಯಾಯಾಮ, ಫ್ರೀಜರಲ್ಲಿಟ್ಟ ನೀರಿನ ಬಾಟಲಿ ಮೇಲೆ ಪಾದ ಉರುಳಿಸೋದು, ಮನೆ ಒಳಗೂ ಮೆತ್ತನೆ ಚಪ್ಪಲಿ. ಮಾಡ್ದೆ, ಎಷ್ಟೋ ಇಳೀತು. ನಾನು ಈಗ ಹೇಳ್ತಿರೋ ಕಾಲು ಒತ್ತಿಸ್ಕೊಳ್ಳೋ ವಿಷಯ ನೋವಿಗಲ್ಲ, ಆ ಮುಚ್ಚದ ತಲೆಗೆ.

ನಮ್ಮ ಇಂಗ್ಲಿಷ್ ಡಿಪಾರ್ಟ್‌ಮೆಂಟ್ ಮೇಡಂ ಒಬ್ರು ಇದಾರೆ, ಯಾವುದೇ ಹೊಸ ಅಂಗಡಿ ತೆರೆದ್ರೂ ಮೊದಲ ಗಿರಾಕಿ ಅವರೇ. ಕುವೆಂಪುನಗರದಲ್ಲಿ ಒಂದು ಫುಟ್ ರಿಫ್ಲೆಕ್ಸಾಲಜಿ ಜಾಗ ಶುರುವಾಗಿದೆ ಬನ್ರೀ, ಪೂರ್ತಿ ಬಟ್ಟೆ ಹಾಕ್ಕೊಂಡೇ ಕೂತ್ಕೋಬಹುದು, ಮಂಡಿ ತನಕ ಮಾತ್ರ, ಅಂತ ಎಳ್ಕೊಂಡು ಹೋದ್ರು. ರಿಫ್ಲೆಕ್ಸಾಲಜಿ ಅಂದ್ರೆ ಅಂಗಾಲಿನ ಒಂದೊಂದು ಜಾಗಕ್ಕೂ ಮೈಯ ಒಂದೊಂದು ಅಂಗಕ್ಕೂ ನಂಟಿದೆ ಅಂತ ನಂಬಿ ಒತ್ತೋದು. ಈ "ಪೂರ್ತಿ ಬಟ್ಟೆ" ಅನ್ನೋ ಮಾತು ಎಷ್ಟು ಮುಖ್ಯ ಅಂತ ನಮ್ಮಂಥ ಹೆಂಗಸರಿಗೇ ಗೊತ್ತು. ಸ್ಪಾ ಅಂದ ತಕ್ಷಣ ಮನೇಲಿ ಒಂಥರಾ ಮುಖ ಮಾಡ್ತಾರಲ್ಲ, ಕಾಲು ಒತ್ತಿಸ್ಕೊಂಡು ಬರ್ತೀನಿ ಅಂದ್ರೆ ಆ ಮುಖ ಇರಲ್ಲ, ಬರೀ ನಗು ಇರತ್ತೆ.

ಮೆಟ್ಟಿಲು ಹತ್ತಿ ಹೋದ್ರೆ ಸಾಲಾಗಿ ಹಿಂದಕ್ಕೆ ಒರಗೋ ಕುರ್ಚಿಗಳು, ಮಂದ ಲೈಟು, ಎಲ್ಲಾ ಕಡೆ ಇರೋ ಅದೇ ಕೊಳಲಿನ ಮ್ಯೂಸಿಕ್ಕು. ಮೊದಲು ಸ್ಲಿಪ್ ಕೊಟ್ಟು ಶುಗರ್ ಇದೆಯಾ ಬಿಪಿ ಇದೆಯಾ ಆಪರೇಶನ್ ಏನಾದ್ರೂ ಆಗಿದೆಯಾ ಅಂತ ಬರೆಸ್ಕೊಂಡ್ರು. ಆಮೇಲೆ ಟಬ್ಬಲ್ಲಿ ಬಿಸಿನೀರು, ಕಲ್ಲುಪ್ಪು, ಎರಡು ನಿಂಬೆ ಹೋಳು. ಟಬ್ಬಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ರು, ಪ್ರತಿ ಗಿರಾಕಿಗೂ ಹೊಸದು, ಅದನ್ನ ನೋಡಿ ಸಮಾಧಾನ ಆಯ್ತು, ಯಾಕಂದ್ರೆ ಪಾದದ ಫಂಗಸ್ ಹರಡೋಕೆ ಇಂಥ ಟಬ್ಬಿಗಿಂತ ಒಳ್ಳೆ ಜಾಗ ಬೇಕಾ.

ಕಾಲು ತೊಳೆಯೋಕೆ ಬಂದ ಹುಡುಗಿ ಮಿಜೋರಂ ಕಡೆಯವಳು. ಮೈಸೂರು ಬೆಂಗಳೂರಿನ ಇಂಥ ಕಡೆ ಕೆಲಸ ಮಾಡೋರಲ್ಲಿ ಈಶಾನ್ಯದವರು ಜಾಸ್ತಿ. ಅವಳು ಸ್ಟೂಲ್ ಮೇಲೆ ಕೂತು ನನ್ನ ಪಾದ ಎರಡೂ ಕೈಯಲ್ಲಿ ಎತ್ತಿ ತನ್ನ ತೊಡೆ ಮೇಲೆ ಇಟ್ಕೊಂಡ ಕ್ಷಣ ನನಗೆ ಕಾಲು ಹಿಂದಕ್ಕೆ ಎಳ್ಕೊಳ್ಳೋ ಹಾಗಾಯ್ತು. ಬಸ್ಸಲ್ಲಿ ಯಾರಿಗಾದ್ರೂ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ಕೊಳ್ಳೋ ಜನ ನಾವು. ಗುರುತಿಲ್ಲದೋರ ಕೈಗೆ ಪಾದ ಕೊಟ್ಟು ಆರಾಮಾಗಿ ಒರಗು ಅಂದ್ರೆ ಮೈ ಒಪ್ಪಲ್ಲ. ಅವಳಿಗೆ ಇದು ದಿನಾ ನೋಡೋ ವಿಷಯ ಅನ್ಸತ್ತೆ, "ರಿಲ್ಯಾಕ್ಸ್ ಮೇಡಂ, ಕಾಲು ಟೈಟ್ ಮಾಡಬೇಡಿ" ಅಂದ್ಲು, ಅರ್ಧ ಹಿಂದಿ ಅರ್ಧ ಕನ್ನಡ, ಅಷ್ಟು ಸಾಕಾಯ್ತು.

ಆಮೇಲಿನ ಕೆಲಸ ನೋಡೋಕೇ ಚೆಂದ. ಮೊದಲು ಒಂದೊಂದು ಬೆರಳನ್ನೂ ಮೆಲ್ಲಗೆ ತಿರುಗಿಸಿ ಎಳೀತಾಳೆ, ಹಿಮ್ಮಡಿ ಹಿಡಿದು ಕಣಕಾಲು ಸುತ್ತಿಸ್ತಾಳೆ, ಅದಾದ ಮೇಲೆ ಹೆಬ್ಬೆರಳಿನ ಆಟ ಶುರು. ತನ್ನ ಹೆಬ್ಬೆರಳಿನ ಗಿಣ್ಣು ಮಡಚಿ ಬಿಡಿಸಿ ಮಡಚಿ ಬಿಡಿಸಿ, ಕಂಬಳಿ ಹುಳ ಹೋದ ಹಾಗೆ ಅಂಗಾಲಿನ ಮೇಲೆ ಕೂದಲೆಳೆಯಷ್ಟೇ ಮುಂದೆ ಸರೀತಾ ಹೋಗೋದು, ಉಗುರು ತಾಗಲ್ಲ, ಒತ್ತಡ ಎಲ್ಲೂ ತಪ್ಪಲ್ಲ. ಗಟ್ಟಿ ಚರ್ಮ ಇರೋ ಕಡೆ ತುದಿ ದುಂಡಗಿರೋ ಮರದ ಕಡ್ಡಿ ತಗೋತಾಳೆ. ಕಡ್ಡಿ ಯಾಕೆ ಅಂದ್ರೆ ಹೆಬ್ಬೆರಳು ಉಳಿಸ್ಕೊಳ್ಳೋಕೆ ಅಂದ್ಲು. ಬುಡದ ಕೀಲು ತೋರಿಸಿದ್ಲು, ಬೆಳಗ್ಗೆಯಿಂದ ಸಂಜೆ ತನಕ ಒತ್ತಿ ಒತ್ತಿ ಅದೇ ನೋಯತ್ತಂತೆ, ರಾತ್ರಿ ರೂಮಲ್ಲಿ ಹುಡುಗೀರು ಒಬ್ಬರಿಗೊಬ್ಬರು ಕೈ ತಿಕ್ಕಿಕೊಳ್ತಾರಂತೆ. ನನಗೆ ಚಾಕ್‌ಪೀಸ್ ಹಿಡಿದು ಭುಜ ನೋವು, ಅವಳಿಗೆ ನನ್ನ ಕಾಲು ಹಿಡಿದು ಹೆಬ್ಬೆರಳು ನೋವು.

ಕಿರುಬೆರಳಿನ ಕೆಳಗೆ ಒಂದು ಕಡೆ ಒತ್ತಿದಾಗ ಅಮ್ಮಾ ಅಂದೆ. "ಶೋಲ್ಡರ್ ಪ್ರಾಬ್ಲಮ್ ಮೇಡಂ" ಅಂದ್ಲು. ಪಕ್ಕದ ಕುರ್ಚಿಲಿದ್ದ ನಮ್ಮ ಇಂಗ್ಲಿಷ್ ಮೇಡಂ "ನೋಡಿದ್ರಾ ಹೇಗೆ ಕಂಡುಹಿಡಿದ್ಲು" ಅಂತ ಕಣ್ಣರಳಿಸಿದ್ರು. ಅಲ್ಲಾ, ಬೋರ್ಡ್ ಮೇಲೆ ಬರೆಯೋ ಟೀಚರ್‌ಗೆ ಭುಜ ನೋವಿಲ್ಲದೆ ಇರತ್ತಾ, ಆ ಮಾತನ್ನ ಕಾಲು ಮುಟ್ಟದೇನೇ ಹೇಳಬಹುದು.

ಗೋಡೆ ಮೇಲೆ ಆ ಮ್ಯಾಪ್ ಇತ್ತು, ನೀವೂ ನೋಡಿರ್ತೀರ, ಎರಡು ಅಂಗಾಲಿನ ಚಿತ್ರ ತುಂಬಾ ಬಣ್ಣದ ಚೌಕಗಳು. ಹೆಬ್ಬೆರಳು ಅಂದ್ರೆ ತಲೆ, ಪಾದದ ಒಳ ಅಂಚು ಬೆನ್ನೆಲುಬು, ನಡುವಿನ ಕುಳಿ ಹೊಟ್ಟೆ ಕಿಡ್ನಿ, ಬಲಗಾಲಲ್ಲಿ ಲಿವರ್, ಎಡಗಾಲಲ್ಲಿ ಹಾರ್ಟು. ಕೆಳಗೆ "5000 ವರ್ಷಗಳ ಪುರಾತನ ವಿಜ್ಞಾನ" ಅಂತ ಬೇರೆ ಬರೆದಿದ್ರು. ಮನೆಗೆ ಬಂದು ಓದ್ತಾ ಕೂತೆ, ನನಗೆ ಈ ಚಾಳಿ ಬಿಡಲ್ಲ. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಹೋರ್ ಅನ್ನೋನ ಸಮಾಧಿ ಗೋಡೆ ಮೇಲೆ ಕೈಕಾಲು ಹಿಡಿದು ಉಪಚಾರ ಮಾಡೋ ಚಿತ್ರ ಇದೆ, ಆ 5000ದ ಲೆಕ್ಕ ಅಲ್ಲಿಂದ ಹುಟ್ಟಿದ್ದು ಅನ್ಸತ್ತೆ. ಆದ್ರೆ ಆ ಗೋಡೇಲಿ ಲಿವರ್ ಕಿಡ್ನಿ ಮ್ಯಾಪ್ ಏನೂ ಇಲ್ಲ. ಮ್ಯಾಪಿನ ಜಾತಕ ಕೆದಕಿದ್ರೆ ಸಿಗೋದು ಅಮೆರಿಕದ ಒಬ್ಬ ಕಿವಿ ಮೂಗು ಗಂಟಲು ಡಾಕ್ಟರು, ವಿಲಿಯಂ ಫಿಟ್ಜ್‌ಜೆರಾಲ್ಡ್. ಮೈಯನ್ನ ತಲೆಯಿಂದ ಕಾಲಿನ ತನಕ 10 ಉದ್ದುದ್ದ ಪಟ್ಟಿ ಮಾಡಿ, ಒಂದು ಪಟ್ಟಿಲಿ ಎಲ್ಲಿ ಒತ್ತಿದ್ರೂ ಅದೇ ಪಟ್ಟಿಯ ಇನ್ನೊಂದು ಜಾಗದ ನೋವು ಮರಗಟ್ಟತ್ತೆ ಅಂತ ಹೇಳಿ 1917ರಲ್ಲಿ ಪುಸ್ತಕ ತಂದ. ಆಮೇಲೆ 1930ರ ದಶಕದಲ್ಲಿ ಯೂನಿಸ್ ಇಂಗ್ಹಮ್ ಅಂತ ಫಿಸಿಯೋಥೆರಪಿಸ್ಟ್, ಆಯಮ್ಮ ಆ ಪಟ್ಟಿಗಳನ್ನ ಪಾದಕ್ಕೆ ಇಳಿಸಿ ಒಂದೊಂದು ಅಂಗಕ್ಕೂ ಸೈಟ್ ಹಂಚಿದ್ರು. ನಮ್ಮ ಅಜ್ಜಿಯ ಕಾಲದ ಹೊಸ ವಿದ್ಯೆ, ಅಷ್ಟೇ. ಏಷ್ಯಾದಲ್ಲಿ ಇದು ಹಬ್ಬಿದ ಕಥೆ ಇನ್ನೂ ಮಜಾ, ತೈವಾನಲ್ಲಿ ಇದ್ದ ಸ್ವಿಸ್ ಪಾದ್ರಿ ಜೋಸೆಫ್ ಯೂಗ್‌ಸ್ಟರ್ ತಮ್ಮ ಮಂಡಿ ನೋವು ಇದರಿಂದ ಹೋಯ್ತು ಅಂತ ಊರೋರ ಕಾಲೆಲ್ಲಾ ಒತ್ತೋಕೆ ಶುರು ಮಾಡಿದ್ರು, 1980ರ ಹೊತ್ತಿಗೆ ಅಲ್ಲಿ ಅದೇ ಒಂದು ದೊಡ್ಡ ಕ್ರೇಜ್ ಆಗೋಯ್ತು.

ಕಾಯಿಲೆ ವಾಸಿ ಆಗತ್ತಾ ಅನ್ನೋದಕ್ಕೆ ಉತ್ತರ ಇದೆ, ಇಷ್ಟ ಆಗೋ ಉತ್ತರ ಅಲ್ಲ. ಎಡ್ಜಾರ್ಡ್ ಅರ್ನ್ಸ್ಟ್ ಅನ್ನೋ ಪ್ರೊಫೆಸರು 2009ರಲ್ಲಿ ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ 18 ಟ್ರಯಲ್‌ಗಳನ್ನ ಒಟ್ಟಿಗೆ ಇಟ್ಟು ನೋಡಿ, ಯಾವ ಕಾಯಿಲೆಗೂ ಇದು ಕೆಲಸ ಮಾಡತ್ತೆ ಅನ್ನೋಕೆ ನಂಬೋ ಅಂಥ ಆಧಾರ ಇಲ್ಲ ಅಂತ ಬರೆದ್ರು. ಆಸ್ಟ್ರೇಲಿಯಾದಲ್ಲಿ 2019ರ ಏಪ್ರಿಲ್ 1ರಿಂದ ಖಾಸಗಿ ಹೆಲ್ತ್ ಇನ್ಶೂರೆನ್ಸಿಗೆ ಸರ್ಕಾರ ಕೊಡೋ ರಿಬೇಟ್ ಪಟ್ಟಿಯಿಂದ ರಿಫ್ಲೆಕ್ಸಾಲಜಿನ ತೆಗೆದೇ ಹಾಕಿದ್ರು, ಹೋಮಿಯೋಪತಿ ಜೊತೆಗೆ. ಪಾಪ ಯೋಗಾನೂ ಅದೇ ಪಟ್ಟೀಲಿ ಹೋಯ್ತು, ಅದು ಬೇರೆ ಜಗಳ.

ಹಾಗಾದ್ರೆ ನೀನ್ಯಾಕೆ ಹೋಗ್ತೀಯ ಅಂತ ನಮ್ಮನೆಯವರೂ ಕೇಳ್ತಾರೆ. ನಿದ್ದೆ ಬರತ್ತೆ ಕಣ್ರೀ, ಅದಕ್ಕೆ. ಮ್ಯಾಪ್ ಸುಳ್ಳಿರಬಹುದು, ಕಾಲು ಸುಳ್ಳಲ್ಲ. ಒಂದು ಪಾದದಲ್ಲಿ 26 ಮೂಳೆ, 33 ಕೀಲು, ಅಂಗಾಲಿನ ಚರ್ಮದ ತುಂಬಾ ಒತ್ತಡ ಗುರುತಿಸೋ ನರತುದಿಗಳು, ಇಷ್ಟೆಲ್ಲಾ ಇಟ್ಕೊಂಡು ದಿನವಿಡೀ ಅದನ್ನ ಚಪ್ಪಲಿ ಒಳಗೆ ತುಂಬಿ ನಿಲ್ಲಿಸಿರ್ತೀವಿ. ನಿಧಾನಕ್ಕೆ ಗಟ್ಟಿಯಾಗಿ ಒತ್ತಿದ್ರೆ ಉಸಿರು ತಾನಾಗೇ ಉದ್ದ ಆಗತ್ತೆ, ಎದೆ ಬಡಿತ ಇಳಿಯತ್ತೆ. ಬಿಸಿನೀರಿಗೂ ಕಾರಣ ಇದೆ, ಪಾದದ ರಕ್ತನಾಳ ಹಿಗ್ಗಿದ್ರೆ ಮೈಯೊಳಗಿನ ಶಾಖ ಅಲ್ಲಿಂದ ಹೊರಗೆ ಹೋಗತ್ತೆ, ಒಳಗಿನ ಟೆಂಪರೇಚರ್ ಸ್ವಲ್ಪ ಇಳಿದಾಗಲೇ ನಿದ್ದೆ ಹತ್ತೋದು, ಕಾಲು ತಣ್ಣಗಿದ್ರೆ ನಿದ್ದೆ ಬರಲ್ಲ ಅಂತ ಚಳಿಗಾಲದಲ್ಲಿ ಎಲ್ಲರಿಗೂ ಅನುಭವ ಆಗಿರತ್ತಲ್ಲ. ಮುಖ್ಯವಾಗಿ ಆ ಒಂದು ಗಂಟೆ ಫೋನು ಬ್ಯಾಗಲ್ಲಿ, ಬ್ಯಾಗು ಲಾಕರಲ್ಲಿ. ಯಾರ ಮಗ ಪ್ರಿಪರೇಟರೀಲಿ ಫೇಲಾದ್ರೂ ನನಗೆ ಸಂಬಂಧ ಇಲ್ಲ. ಅರ್ಧ ಗಂಟೆ ಆಗೋ ಹೊತ್ತಿಗೆ ನಾನು ಬಾಯಿ ಬಿಟ್ಕೊಂಡು ಗೊರಕೆ ಹೊಡೀತಿದ್ದೆ ಅಂತ ಇಂಗ್ಲಿಷ್ ಮೇಡಂ ಸ್ಟಾಫ್ ರೂಮಲ್ಲೆಲ್ಲಾ ಹೇಳ್ಕೊಂಡು ಬಂದ್ರು.

ನಮ್ಮಲ್ಲೂ ಇದು ಹೊಸದೇನಲ್ಲ ಬಿಡಿ. ದಿನಾ ಎಣ್ಣೆ ಹಚ್ಕೋ, ತಲೆ ಕಿವಿ ಪಾದಕ್ಕಂತೂ ವಿಶೇಷವಾಗಿ ಹಚ್ಕೋ ಅಂತ ಆಯುರ್ವೇದದ ಹಳೇ ಗ್ರಂಥ ಬರೆದ ವಾಗ್ಭಟನೇ ಹೇಳಿದಾನೆ. ಯಾವ ಚೌಕ ಯಾವ ಅಂಗ ಅಂತೆಲ್ಲಾ ಅಲ್ಲಿಲ್ಲ, ದಣಿವು ಹೋಗತ್ತೆ ನಿದ್ದೆ ಬರತ್ತೆ ಅನ್ನೋ ಥರದ ಮಾತು. ಮನೆಗಳಲ್ಲಿ ಅದು ಯುಗಾದಿ ದೀಪಾವಳಿ ಎಣ್ಣೆಸ್ನಾನಕ್ಕೆ ಇಳಿದುಬಿಟ್ಟಿದೆ, ಉಳಿದ ದಿನ ಕಣ್ಣುರಿ ಅಂದ್ರೆ ಅಂಗಾಲಿಗೆ ಹರಳೆಣ್ಣೆ.

ಈಗ ಒಂದು ಕಂಚಿನ ಕಥೆ ಹೇಳ್ಲೇಬೇಕು. ಇನ್ನೊಂದು ಕಡೆ ಹೋಗಿದ್ದೆ, ಆಯುರ್ವೇದ ಅಂತ ಬೋರ್ಡು, ಅಲ್ಲಿ ಮೆಷಿನ್ ಇತ್ತು, ಕಂಚಿನ ತಟ್ಟೆ ಗರಗರ ತಿರುಗತ್ತೆ, ಅಂಗಾಲಿಗೆ ತುಪ್ಪ ಸವರಿ ಅದರ ಮೇಲೆ ಪಾದ ಇಟ್ಟು ಕೂರಬೇಕು. ಸುಖವಾಗೇ ಇತ್ತು, ಸುಳ್ಳು ಹೇಳಲ್ಲ. ಹತ್ತು ಹದಿನೈದು ನಿಮಿಷದಲ್ಲಿ ತುಪ್ಪ ಪೂರ್ತಿ ಕಪ್ಪು. ಅಲ್ಲಿದ್ದ ಹುಡುಗ ಟಿಶ್ಯೂಲಿ ಒರೆಸಿ ನನ್ನ ಮುಖದ ಮುಂದೆ ಹಿಡಿದು "ನೋಡಿ ಮೇಡಂ ಎಷ್ಟು ಟಾಕ್ಸಿನ್ ಇತ್ತು, ಪ್ಯಾಕೇಜ್ ತಗೊಂಡ್ರೆ ಪೂರ್ತಿ ಕ್ಲೀನ್ ಆಗತ್ತೆ" ಅಂದ. ಕೆಮಿಸ್ಟ್ರಿ ಮೇಡಂ ಹತ್ರ. ಕಂಚು ಅಂದ್ರೆ ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ, ಜಿಡ್ಡು ಮತ್ತು ಬೆವರಿನ ಹುಳಿ ಜೊತೆ ಉಜ್ಜಿದ್ರೆ ಲೋಹದ ಸಣ್ಣ ಪುಡಿ, ಅದರ ಆಕ್ಸೈಡು ಎಲ್ಲಾ ಎದ್ದು ಕಪ್ಪಾಗ್ಲೇಬೇಕು. ಹಬ್ಬದ ಹಿಂದಿನ ದಿನ ಕಂಚಿನ ದೀಪ, ಗಂಟೆ ಉಜ್ಜಿದೋರೆಲ್ಲಾ ಬಟ್ಟೆ ಕಪ್ಪಾಗೋದು ನೋಡಿದೀವಿ, ಗಂಟೇಲಿ ಯಾವ ಟಾಕ್ಸಿನ್ನು.

ಮನೆಗೆ ಬಂದು ಸುಮ್ನಿರದೆ ಅತ್ತೆಯ ಹಳೇ ಕಂಚಿನ ಬಟ್ಟಲು ತೆಗೆದು, ಮೂಲೇಲಿ ಬಿದ್ದಿದ್ದ ಸವೆದ ಚರ್ಮದ ಚಪ್ಪಲಿ ತೊಳೆದು ಒರೆಸಿ, ಅಟ್ಟೆ ಮೇಲೆ ಒಂದು ಚಮಚ ತುಪ್ಪ ಹಾಕಿ ಬಟ್ಟಲಿನ ತಳದಿಂದ ತಿಕ್ಕಿದೆ. ಕೈ ನೋಯೋ ತನಕ ತಿಕ್ಕಿದ ಮೇಲೆ ತುಪ್ಪ ಬೂದು ಆಯ್ತು, ಆಮೇಲೆ ಕಪ್ಪು. ಚಪ್ಪಲಿಗೂ ಟಾಕ್ಸಿನ್ ಇತ್ತು ಅಂತಾಯ್ತು. ಅತ್ತೆ ಬಾಗಿಲಲ್ಲಿ ನಿಂತು "ತುಪ್ಪ ಎಷ್ಟಾಗಿದೆ ಅಂತ ಗೊತ್ತೇನಮ್ಮ ಕೆ.ಜಿ.ಗೆ" ಅಂದ್ರು, ಸಂಶೋಧನೆ ಅಲ್ಲಿಗೆ ಮುಗೀತು.

ಇದೇ ಜಾತಿದು ಇನ್ನೊಂದು, ಉಪ್ಪು ನೀರಿನ ಟಬ್ಬಲ್ಲಿ ಕಾಲಿಟ್ಟು ಕರೆಂಟ್ ಬಿಡೋ ಡಿಟಾಕ್ಸ್ ಮೆಷಿನ್ನು, ನೀರು ಕಂದು ಬಣ್ಣಕ್ಕೆ ತಿರುಗತ್ತೆ, ನೊರೆ ಬರತ್ತೆ, ಜನ ಬೆಚ್ಚಿ ಬೀಳ್ತಾರೆ. ಅದು ಕಬ್ಬಿಣದ ಎಲೆಕ್ಟ್ರೋಡ್ ತುಕ್ಕು ಹಿಡಿದು ಕರಗೋದು, ಸೆಕೆಂಡ್ ಪಿಯು ಎಲೆಕ್ಟ್ರೋಕೆಮಿಸ್ಟ್ರಿ ಚಾಪ್ಟರು, ನಮ್ಮ ಮಕ್ಕಳಿಗೆ ಕೇಳಿದ್ರೆ ಸಮೀಕರಣ ಸಮೇತ ಬರೀತಾರೆ, ಬರೀಬೇಕು. ಟಬ್ಬಲ್ಲಿ ಕಾಲೇ ಇಡದೆ ಸ್ವಿಚ್ ಹಾಕಿ ಅಂತ ಕೇಳಿ ನೋಡಿ, ಹಾಕಲ್ಲ. ಮೈಯೊಳಗಿನ ಕಸ ತೆಗೆಯೋಕೆ ಲಿವರು ಕಿಡ್ನಿ ಸಂಬಳ ಇಲ್ದೆ ದುಡೀತಾ ಇದಾವೆ, ಅಂಗಾಲಿಗೆ ಆ ಕೆಲಸ ಕೊಡೋದು ಬೇಡ.

ಅತ್ತೆ ವಿಷಯ ಬಂತಲ್ಲ. ಕಾಲು ಒತ್ತಿಸ್ಕೊಳ್ಳೋಕೆ ದುಡ್ಡಾ ಅಂತ ಮೊದಮೊದಲು ಅವರಿಗೆ ತಮಾಷೆ. ಮದುವೆಯಾಗಿ ಬಂದಾಗಿಂದ ಮಾವನ ಕಾಲು, ಅತ್ತೆಯ ಕಾಲು, ಬಸುರಿ ನಾದಿನಿ ಕಾಲು ಎಲ್ಲಾ ಒತ್ತಿದ ಕೈ ಅದು, ಹೇಗೆ ಒತ್ತಬೇಕು ಅಂತ ಅವರಿಗಿರೋ ಜ್ಞಾನ ಆ ಪಾರ್ಲರಲ್ಲಿ ಯಾರಿಗೂ ಇರಲ್ಲ, ಮೀನಖಂಡ ಹಿಡಿದ್ರೆ ಗಂಟು ಎಲ್ಲಿದೆ ಅಂತ ಬೆರಳಿಗೇ ಗೊತ್ತಾಗತ್ತೆ. ನಿಮ್ಮ ಕಾಲು ಯಾರು ಒತ್ತೋರು ಅತ್ತೆ ಅಂತ ಕೇಳಿದೆ. "ಹೆಂಗಸರ ಕಾಲು ಯಾರು ಒತ್ತಾರೆ ಕಣಮ್ಮ, ಬಾಣಂತಿಲಿ ಎಣ್ಣೆ ನೀರು ಹಾಕಿದಾಗ ಒತ್ತಿದ್ದು, ಅಷ್ಟೇ" ಅಂದ್ರು.

ಕರ್ಕೊಂಡು ಹೋದೆ. ಬರಲ್ಲ ಬರಲ್ಲ ಅಂತ ಹೊಸ ಸೀರೆ ಉಟ್ಕೊಂಡು ಬಂದ್ರು. ಟಬ್ಬಲ್ಲಿ ಕಾಲಿಡೋ ತನಕ ಸರಿ, ಆ ಹುಡುಗಿ ಕೆಳಗೆ ಕೂತು ಪಾದ ಹಿಡಿದ ತಕ್ಷಣ "ಅಯ್ಯೋ ಬೇಡ ಮಗ, ನೀನು ಮೇಲೆ ಕೂತ್ಕೋ" ಅಂತ ಕಾಲು ಮಡಚ್ಕೊಂಡ್ರು. ಅವಳಿಗೆ ಅರ್ಥ ಆಗ್ಲಿಲ್ಲ, ಸೇವೆ ಸರಿ ಇಲ್ವೇನೋ ಅಂತ ಗಾಬರಿ. ನಾನು ಸಮಜಾಯಿಷಿ ಹೇಳೋ ಅಷ್ಟರಲ್ಲಿ ಅತ್ತೆ ಅವಳ ವಿಚಾರಣೆ ಶುರು ಮಾಡಿದ್ರು, ಯಾವೂರು, ಅಪ್ಪ ಅಮ್ಮ ಏನ್ಮಾಡ್ತಾರೆ, ಊಟ ಆಯ್ತಾ, ಸಂಬಳ ಎಷ್ಟು ಕೊಡ್ತಾರೆ. ಸಂಬಳ ಕೇಳಿದ್ದಕ್ಕೆ ಅವಳು ಮ್ಯಾನೇಜರ್ ಕಡೆ ನೋಡಿ ನಕ್ಕು ಸುಮ್ನಾದ್ಲು. ಮಾತಾಡ್ತಾ ಮಾತಾಡ್ತಾ ಕಾಲು ತಾನಾಗೇ ಚಾಚಿದ್ರು. ಹೊರಡುವಾಗ ಪರ್ಸಿಂದ ನೋಟು ತೆಗೆದು ಅವಳ ಕೈಗೇ ಮಡಚಿಟ್ರು, ಮ್ಯಾನೇಜರ್‌ಗೆ ಕಾಣದ ಹಾಗೆ. ಆಮೇಲೆ ಆಟೋದಲ್ಲಿ ಅಂದ್ರು, "ಪರವಾಗಿಲ್ಲ, ಆದ್ರೆ ಮೀನಖಂಡ ಒತ್ತೋಕೆ ಬರಲ್ಲ ಆ ಹುಡುಗಿಗೆ."

ಅತ್ತೆಗೆ ಶುಗರ್ ಇದೆ, ಅದಕ್ಕೆ ನಾನು ಸ್ವಲ್ಪ ಹುಷಾರು. ಶುಗರ್ ಇರೋರಿಗೆ ಪಾದದ ಸ್ಪರ್ಶ ಕಡಿಮೆ ಆಗಿರಬಹುದು, ನೀರು ಸುಡ್ತಾ ಇದ್ರೂ ಗೊತ್ತಾಗಲ್ಲ, ಕಡ್ಡಿ ಒತ್ತಿ ಚರ್ಮ ಕಿತ್ರೂ ಗೊತ್ತಾಗಲ್ಲ, ಆ ಗಾಯ ಮಾಯೋಕೆ ತಿಂಗಳುಗಟ್ಲೆ. ಹಾಗಾಗಿ ನೀರಿಗೆ ನಾನೇ ಮೊದಲು ಕೈ ಇಟ್ಟು ನೋಡಿದೆ, ಕಡ್ಡಿ ಬೇಡ ಅಂದೆ, ಮನೆಗೆ ಬಂದು ಬೆರಳ ಸಂದಿ ಒರೆಸಿ ನೋಡಿದೆ. ಒಂದೇ ಕಾಲು ಊದಿಕೊಂಡು ಬಿಸಿಯಾಗಿ ಮೀನಖಂಡ ನೋಯ್ತಾ ಇದ್ರೆ ದಯವಿಟ್ಟು ಯಾರ ಹತ್ರಾನೂ ಒತ್ತಿಸ್ಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕದಲಿದ್ರೆ ಶ್ವಾಸಕೋಶಕ್ಕೆ ಹೋಗತ್ತೆ, ಅದು ಪಾರ್ಲರ್ ಕೆಲಸ ಅಲ್ಲ ಆಸ್ಪತ್ರೆ ಕೆಲಸ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಬಸುರಿಯರು ಡಾಕ್ಟರನ್ನ ಕೇಳಿ ಹೋಗಿ. ಇದ್ಯಾವುದನ್ನೂ ಕೇಳದೆ ಸೀದಾ ಟಬ್ಬಿಗೆ ಕಾಲಿಡಿಸೋ ಜಾಗ ಆದ್ರೆ ನಾನಂತೂ ಎದ್ದು ಬರ್ತೀನಿ.

ದುಡ್ಡಿನ ವಿಷಯ, ಒಂದು ಗಂಟೆಗೆ ಸಾವಿರದ ಆಚೆ ಈಚೆ ಕೇಳ್ತಾರೆ, ಬೆಂಗಳೂರಲ್ಲಿ ಇನ್ನೂ ಜಾಸ್ತಿ, ಮಾಲ್‌ಗಳಲ್ಲಿ ನೋಟು ಹಾಕಿ ಕಾಲು ತೂರಿಸೋ ಮೆಷಿನ್ ಇದಾವಲ್ಲ ಅವು ನನಗೆ ಹಿಡಿಸ್ಲಿಲ್ಲ, ಗಾಳಿ ತುಂಬಿ ಹಿಂಡತ್ತೆ ಬಿಡತ್ತೆ, ಮನುಷ್ಯರ ಕೈ ಎಲ್ಲಿ ಅದು ಎಲ್ಲಿ. ದಸರಾ ಎಕ್ಸಿಬಿಶನಲ್ಲಿ ತಗೊಂಡ ಮುಳ್ಳುಮುಳ್ಳಿನ ಮರದ ರೋಲರು ಮಾತ್ರ ಚೆನ್ನಾಗಿದೆ, ಪೇಪರ್ ತಿದ್ದುವಾಗ ಟೇಬಲ್ ಕೆಳಗೆ ಉರುಳಿಸ್ತಾ ಕೂರ್ತೀನಿ. ಮನೇಲಿ ಮಾಡ್ಕೊಳ್ಳೋದಾದ್ರೆ ಮಲಗೋ ಮುಂಚೆ ಬಕೆಟ್ಟಲ್ಲಿ ಬಿಸಿನೀರು, ಒರೆಸಿಕೊಂಡು ಸ್ವಲ್ಪ ಕೊಬ್ಬರಿ ಎಣ್ಣೆ, ಕೈ ಹೆಬ್ಬೆರಳಲ್ಲಿ ಹಿಮ್ಮಡಿಯಿಂದ ಮೇಲಕ್ಕೆ ನಿಧಾನ ಒತ್ತೋದು, ಆಮೇಲೆ ಸಾಕ್ಸ್ ಹಾಕ್ಕೊಳ್ಳಿ ಇಲ್ಲಾಂದ್ರೆ ಮೊಸಾಯಿಕ್ ನೆಲದ ಮೇಲೆ ಜಾರಿ ಬೀಳ್ತೀರ.

ಅಂದಹಾಗೆ ಹೋಗೋದಾದ್ರೆ ಭಾನುವಾರ ಸಂಜೆ ಬೇಡ, ಹುಡುಗೀರು ಸುಸ್ತಾಗಿರ್ತಾರೆ, ಹೊರಗೆ ಜನ ಕಾಯ್ತಾ ಇರ್ತಾರೆ ಅಂತ ಕೊನೆ ಹತ್ತು ನಿಮಿಷ ಹಾರಿಸ್ತಾರೆ. ವಾರದ ಮಧ್ಯೆ ಮಧ್ಯಾಹ್ನ ಹೋಗಿ, ಖಾಲಿ ಇರತ್ತೆ, ನಾನು ಹೋಗೋ ಕಡೆ ಆಗ ರೇಟೂ ಕಮ್ಮಿ. ನನಗೆ ಆ ಹೊತ್ತಲ್ಲಿ ಲ್ಯಾಬು.